ಬೀದಿಯಲ್ಲಿ ಪುಕ್ಕಟೆ, ಒಳಗೆ 4 ಯೂರೋ

ಮ್ಯೂನಿಕ್‌ಗೆ ಬಂದು ಎಂಟು ವರ್ಷವಾಯಿತು, ಹೋಟೆಲಿನಲ್ಲಿ ಕುಡಿಯೋ ನೀರಿಗೂ ದುಡ್ಡು ಕೊಡೋದು ನನಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಕಳೆದ ಜುಲೈನಲ್ಲಿ ರೋಮ್‌ನಲ್ಲಿ ಊಟಕ್ಕೆ ಕೂತಾಗ ಎದುರಿಗೆ ಊರಿನ ಗೆಳೆಯ ಇದ್ದ. ಆಫೀಸಿನ ಕೆಲಸಕ್ಕೆ ಮಿಲಾನ್‌ಗೆ ಬಂದವನು, ಒಂದು ದಿನ ರಜೆ ಸಿಕ್ಕಿತೆಂದು ರೈಲು ಹತ್ತಿದ್ದ. ನೀರು ಕೇಳಿದರೆ ಮಾಣಿ, ಗ್ಯಾಸ್ ಇರೋದು ಬೇಕಾ ಇಲ್ಲದ್ದಾ ಅಂದ. "ಹೊಟ್ಟೇಲಿರೋ ಗ್ಯಾಸೇ ಸಾಕು ಅಂತ ಹೇಳೋ" ಅಂದ ಇವನು. ಬಿಲ್ಲು ಬಂತು. ಒಂದು ಬಾಟಲಿ ನೀರು, 4 ಯೂರೋ.

"ಲೇ, ಹತ್ತತ್ರ 400 ರೂಪಾಯಿ ಕಣೋ! ಬರೀ ನೀರಿಗಾ?"

ನನಗೆ ನಾಚಿಕೆಯಾಯಿತು. ಯಾಕೆ ಅಂತ ಗೊತ್ತಿಲ್ಲ, ಹೋಟೆಲು ನನ್ನದೇನಲ್ಲ, ದೇಶವೂ ನನ್ನದಲ್ಲ. ಆದರೂ ಮನೆಗೆ ಕರೆದವರಿಗೆ ನೀರು ಕೊಡದೆ ಕಳಿಸಿದ ಹಾಗಾಯಿತು.

ತಮಾಷೆ ಅಂದರೆ ಬೆಳಗ್ಗೆಯಿಂದ ನಾವು ಊರೆಲ್ಲಾ ಸುತ್ತಿ ಕುಡಿದಿದ್ದು ಪುಕ್ಕಟೆ ನೀರನ್ನೇ. ಕೊಲೋಸಿಯಂ ಹತ್ತಿರ ಬಿಸಿಲಿಗೆ ಕಲ್ಲುಹಾಸು ಕಾದು ಚಪ್ಪಲಿ ಒಳಗೂ ಸುಡುತ್ತಿತ್ತು. ಅಲ್ಲೇ ಮೊದಲ ಸಲ ಕಂಡಿದ್ದು ಆ ಎರಕದ ಕಬ್ಬಿಣದ ಗಿಡ್ಡ ಕಂಬ. ಎದೆಮಟ್ಟ ಎತ್ತರ, ಮುಂದಕ್ಕೆ ಬಾಗಿದ ಒಂದು ಕೊಳವೆ, ಅದರಿಂದ ಬೆರಳು ಗಾತ್ರದ ನೀರು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಆ ಕೊಳವೆ ಮೂಗಿನ ಹಾಗಿದೆ ಅಂತ ಜನ ಅದನ್ನು ನಾಸೋನೆ, ಅಂದರೆ ದೊಡ್ಡ ಮೂಗು ಅಂತಾರೆ. 1874ರ ಹೊತ್ತಿಗೆ ಶುರುವಾದ ಇವು ಈಗ ಊರಲ್ಲಿ ಸುಮಾರು 2,500 ಇವೆ. ಮೂಗಿನ ಮೇಲ್ಗಡೆ ಒಂದು ಸಣ್ಣ ತೂತು. ಕೆಳಗಿನ ಬಾಯಿಗೆ ಬೆರಳು ಒತ್ತಿದರೆ ನೀರು ಆ ತೂತಿಂದ ಚಿಮ್ಮಿ ಬಾಯಿಗೆ ಬರುತ್ತದೆ. ಗೆಳೆಯ ಜೋರಾಗಿ ಒತ್ತಿದ, ಕನ್ನಡಕ, ಅಂಗಿ ಎಲ್ಲ ನೆನೆಯಿತು. ಜುಲೈ ಬಿಸಿಲಲ್ಲೂ ಹಲ್ಲು ಜುಂ ಅನ್ನುವಷ್ಟು ತಣ್ಣಗಿನ ನೀರು.

"ಇದು ನಮ್ಮ ಅರವಟ್ಟಿಗೆ ಅಲ್ವೇನೋ!" ಅಂದ.

ಹೌದಲ್ಲ ಅನ್ನಿಸಿತು. ನಮ್ಮಲ್ಲಿ ಶಿವರಾತ್ರಿ ಕಳೆದ ಮೇಲೆ ಎದ್ದು ಮಳೆ ಬಂದ ಕೂಡಲೇ ಮಾಯವಾಗೋದು, ಇಲ್ಲಿ ವರ್ಷವಿಡೀ ಕಬ್ಬಿಣದಲ್ಲಿ ನಿಂತಿದೆ. ಇನ್ನೊಂದು ವಿಷಯ ಕೇಳಿ ಅವನು ಬಿದ್ದು ಬಿದ್ದು ನಕ್ಕ. ಕೊಳವೆಗೆ ನೇರವಾಗಿ ಬಾಯಿ ಹಚ್ಚಬಾರದು ಅಂತ ರೋಮ್‌ನವರು 2019ರಲ್ಲಿ ನಿಯಮವನ್ನೇ ತಂದಿದ್ದಾರೆ. ನಮ್ಮಜ್ಜಿ ಎಂಜಲು ಅಂತ ತಲೆ ಮೇಲೆ ಮೊಟಕಿ ಕಲಿಸಿದ್ದನ್ನು ಇವರು ಕಾನೂನು ಮಾಡಿ ಕಲಿಸಬೇಕಾಯಿತು.

ಕಂಬದ ಮೇಲೆ ಎಸ್‌ಪಿಕ್ಯೂಆರ್ ಅಂತ ಅಚ್ಚೊತ್ತಿದ ನಾಲ್ಕು ಅಕ್ಷರ ಇತ್ತು. ರೋಮ್‌ನ ಸೆನೆಟ್ ಮತ್ತು ಜನ ಅಂತ ಅರ್ಥ. ಅಷ್ಟೇ, ಬೇರೆ ಯಾರ ಹೆಸರೂ ಇರಲಿಲ್ಲ. ಹೋದ ಸಲ ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ನೋಡಿದ ನೀರಿನ ಟ್ಯಾಂಕು ನೆನಪಾಯಿತು. ಗ್ರಾನೈಟ್ ಫಲಕದಲ್ಲಿ ಯಾರದೋ ಜ್ಞಾಪಕಾರ್ಥ, ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಎಲ್ಲ ಬಂಗಾರದ ಬಣ್ಣದಲ್ಲಿ. ನಲ್ಲಿ ಇರಬೇಕಾದ ಜಾಗಕ್ಕೆ ಬಟ್ಟೆ ಸುತ್ತಿದ ಮರದ ಬಿರಡೆ ತುರುಕಿದ್ದರು. ಸರಪಳಿ ಇತ್ತು, ಸರಪಳಿಯ ತುದಿಯಲ್ಲಿ ಲೋಟ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಬಾಟಲಿ 20 ರೂಪಾಯಿ. (ಹೆಸರಿನ ಚಪಲ ಇವರಿಗೂ ಇಲ್ಲದಿಲ್ಲ ಅನ್ನಿ. ಟ್ರೆವಿ ಕಾರಂಜಿಯ ನೆತ್ತಿ ಮೇಲೆ 12ನೇ ಕ್ಲೆಮೆಂಟ್ ಪೋಪ್ ಹೆಸರು ಈ ಕಡೆಯಿಂದ ಆ ಕಡೆಯವರೆಗೆ ಇದೆ, ಕಾರಂಜಿ ಮುಗಿದಿದ್ದು ಮಾತ್ರ ಅವರು ತೀರಿಕೊಂಡ ಎಷ್ಟೋ ವರ್ಷಕ್ಕೆ, 1762ರಲ್ಲಿ.) ಆ ಕಾರಂಜಿಗೆ ನೀರು ತರುವ ಕಾಲುವೆಯನ್ನು ಹಳೇ ರೋಮ್‌ನ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ್ದು ಕ್ರಿಸ್ತಪೂರ್ವ 19ರಲ್ಲಿ. ದುರಸ್ತಿ ಮಾಡಿಕೊಂಡು ಇವತ್ತಿಗೂ ಅದೇ ದಾರಿಯಲ್ಲಿ ನೀರು ಹರಿಸುತ್ತಿದ್ದಾರೆ. ನಮಗೆ ಒಂದು ನಲ್ಲಿಯ ತಲೆ ಉಳಿಸಿಕೊಳ್ಳೋಕೆ ಆಗಲಿಲ್ಲವಲ್ಲ ಅಂತ ಅಲ್ಲೇ ನಿಂತು ಗೆಳೆಯನ ಮುಂದೆ ಒಂದಷ್ಟು ಕೂಗಾಡಿದೆ.

ಅವನು ಸುಮ್ನೆ ಕೇಳಿಸಿಕೊಂಡ. ಆಮೇಲೆ ನಿಧಾನಕ್ಕೆ, "ರೋಮ್‌ಗೆ ನೀರು ಬೆಟ್ಟದಿಂದ ತಾನಾಗೇ ಇಳಿದು ಬರುತ್ತೆ, ಬೆಂಗಳೂರಿಗೆ ಕಾವೇರೀನ 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲಕ್ಕೆ ಹತ್ತಿಸಬೇಕು. ಹಗಲೂ ರಾತ್ರಿ ಹಿಂಗೆ ಬೀದೀಲಿ ಸುರಿಯೋಕೆ ಆಗುತ್ತಾ? ಹೋಗಲಿ, ಈ ಊರಲ್ಲಿ ಯಾರದಾದ್ರೂ ಮನೆ ಬಾಗಿಲು ತಟ್ಟಿ ಒಂದು ಲೋಟ ನೀರು ಕೇಳು ನೋಡೋಣ" ಅಂದ.

ರೋಮ್ ಬಿಡಿ, ಎಂಟು ವರ್ಷದಲ್ಲಿ ಮ್ಯೂನಿಕ್‌ನ ನನ್ನ ಪಕ್ಕದ ಮನೆಯಲ್ಲೂ ನಾನು ನೀರು ಕೇಳಿಲ್ಲ. ನಮ್ಮ ಕಡೆ ಎಂಥಾ ಸಣ್ಣ ಹೋಟೆಲಿಗೆ ಹೋದರೂ ಮೆನು ಬರೋದಕ್ಕೆ ಮುಂಚೆ ನಾಲ್ಕು ಲೋಟಕ್ಕೆ ನಾಲ್ಕು ಬೆರಳು ಅದ್ದಿಕೊಂಡಾದರೂ ಹುಡುಗ ನೀರು ತಂದು ಕುಕ್ಕುತ್ತಾನೆ, ಅದೂ ನಿಜ. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಒಪ್ಪಿಕೊಂಡೆ. ಇನ್ನೊಂದನ್ನು ಅವನಿಗೆ ಹೇಳಲೇ ಇಲ್ಲ: 2017ರ ಬರದಲ್ಲಿ ಇವರೂ ಎಷ್ಟೋ ಮೂಗುಗಳನ್ನು ಬಂದ್ ಮಾಡಿದ್ದರು.

ಸಂಜೆ ಹೋಟೆಲಿನಿಂದ ಎತ್ತಿಕೊಂಡು ಬಂದ ಆ 4 ಯೂರೋ ಬಾಟಲಿಯನ್ನೇ ಮೂಗಿಗೆ ಹಿಡಿದು ತುಂಬಿಕೊಂಡು ಅವನು ಮಿಲಾನ್ ರೈಲು ಹತ್ತಿದ. ಎರಡು ವಾರ ಬಿಟ್ಟು ಊರಿಂದ ಫೋನ್ ಬಂತು. "ಲೇ, ಆ ಟ್ಯಾಂಕಿಗೆ ನಲ್ಲಿ ಹಾಕ್ಸಿದೀನಿ ಕಣೋ. ಲೋಟ ಮಾತ್ರ ಬೆಳಗಾಗೋದ್ರಲ್ಲಿ ಮತ್ತೆ ಹೋಗಿದೆ."