ಓಎಲ್‌ಇಡಿ ಟಿವಿ ನಮ್ಮ ಹಾಲ್‌ಗೆ ಬೇಕಾ?

32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ಕ್ಕೆ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಅವತ್ತಿನಿಂದ ನಮ್ಮ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಟಿವಿಯದ್ದೇ ಮಾತು. "ಓಎಲ್‌ಇಡಿ ತಗೊಳ್ಳೋದಾ, ಮಿನಿ ಎಲ್‌ಇಡಿ ಸಾಕಾ?" ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಇಲ್ಲೇ ಹೇಳಿಬಿಡುತ್ತೇನೆ. ದಾವಣಗೆರೆಯ ನಮ್ಮಂಥ ಮನೆಗಳಿಗೆ ಓಎಲ್‌ಇಡಿ ಬೇಡ. ಅದು ಕೆಟ್ಟ ಟಿವಿ ಅಂತಲ್ಲ, ಚಿತ್ರದ ಮಟ್ಟಿಗೆ ಅದೇ ಮೇಲು. ಆದರೆ ನಾವು ಟಿವಿ ನೋಡುವ ರೀತಿಗೆ ಅದು ಹೊಂದುವುದಿಲ್ಲ.

ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದ ಕಡೆ ಚುಕ್ಕಿ ಪೂರ್ತಿ ಆರುತ್ತದೆ. ಉಳಿದವು, ಅಂದರೆ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಹೆಸರು ಏನೇ ಇರಲಿ, ಒಳಗೆ ಎಲ್‌ಸಿಡಿಯೇ. ಹಿಂದಿನಿಂದ ಲೈಟ್ ಬಿಡಬೇಕು. ಮಿನಿ ಎಲ್‌ಇಡಿಯಲ್ಲಿ ಆ ಲೈಟುಗಳು ತುಂಬಾ ಚಿಕ್ಕವು, ತುಂಬಾ ಜಾಸ್ತಿ. ಚಿತ್ರದಲ್ಲಿ ಕತ್ತಲಿರುವ ಭಾಗದಲ್ಲಿ ಅವನ್ನಷ್ಟೇ ಮಂಕು ಮಾಡಬಹುದು. ಕಪ್ಪು ಓಎಲ್‌ಇಡಿಯಷ್ಟು ಗಾಢ ಬರುವುದಿಲ್ಲ. ಬೆಳಕು ಮಾತ್ರ ಭರ್ಜರಿ.

ಈಗ ನಮ್ಮ ಹಾಲ್ ನೋಡಿ. ಓಎಲ್‌ಇಡಿಯ ಕಪ್ಪಿಗೆ ಕೊಟ್ಟ ದುಡ್ಡು ಕಣ್ಣಿಗೆ ಕಾಣಬೇಕಾದರೆ ಕೋಣೆ ಕತ್ತಲಾಗಿರಬೇಕು. ನಮ್ಮಲ್ಲಿ ಯಾರ ಹಾಲ್ ಕತ್ತಲಿದೆ ಹೇಳಿ? ಬೆಳಿಗ್ಗೆ ತೆಗೆದ ಮುಂಬಾಗಿಲು ಹಾಕೋದು ರಾತ್ರಿ ಊಟಕ್ಕೆ ಕೂತಾಗ. ಟಿವಿ ಇರೋದು ಬಾಗಿಲಿನ ಎದುರಿನ ಗೋಡೆಗೇ. ಹಳೇ ಪೇಟೆಯ ಮನೆಯಾಗಲಿ, ವಿದ್ಯಾನಗರದ ಹೊಸ ಮನೆಯಾಗಲಿ, ಇದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ 3.30ರ ಐಪಿಎಲ್ ಮ್ಯಾಚ್ ಹಾಕಿ ನೋಡಿ. ಪರದೆ ಮೇಲೆ ಆಟಗಾರರ ಜೊತೆ ಅಂಗಳದಲ್ಲಿ ನಿಂತ ಸ್ಕೂಟಿಯೂ ಕಾಣುತ್ತದೆ. ಅಲ್ಲಿ ಬೇಕಾಗೋದು ಬೆಳಕು.

ಇನ್ನೊಂದು ನ್ಯೂಸ್ ಚಾನೆಲ್ ಕಾಟ. ಅಪ್ಪಾಜಿ ಬೆಳಿಗ್ಗೆ ಕಾಫಿ ಹೊತ್ತಿಗೆ ಹಾಕಿದ್ದು ಯಾರೂ ನೋಡದಿದ್ದರೂ ಮಧ್ಯಾಹ್ನದವರೆಗೆ ಓಡುತ್ತಲೇ ಇರುತ್ತದೆ. ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲೋಗೋ, ಎರಡೂ ಕದಲುವುದೇ ಇಲ್ಲ. ಓಎಲ್‌ಇಡಿಯಲ್ಲಿ ಒಂದೇ ಚಿತ್ರ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತರೆ ಅಲ್ಲಿನ ಚುಕ್ಕಿಗಳು ಬೇಗ ಸವೆದು ಕಲೆ ಉಳಿಯುವ ಅಪಾಯ ಇದೆ. ಬರ್ನ್ ಇನ್ ಅನ್ನೋದು ಇದಕ್ಕೇ. ಈಗಿನ ಸೆಟ್‌ಗಳು ಚಿತ್ರವನ್ನು ಚೂರು ಚೂರು ಸರಿಸಿ ಇದನ್ನು ಕಡಿಮೆ ಮಾಡುತ್ತವೆ. ಆದರೂ ವಾರಂಟಿಯಲ್ಲಿ ಬರ್ನ್ ಇನ್ ಸೇರಿದೆಯಾ ಅಂತ ಓದದೆ ದುಡ್ಡು ಕೊಡಬೇಡಿ. ಅಪ್ಪಾಜಿಗೆ ನ್ಯೂಸ್ ಬಿಡಿಸೋ ಮಾತಂತೂ ಮರೆತುಬಿಡಿ.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸೋದು ಮನೆಗೆ ಬರುವ ಸಿಗ್ನಲ್. ಎಸ್‌ಡಿ ಚಾನೆಲ್‌ನಲ್ಲಿ ಇರೋದು ಹೆಚ್ಚೆಂದರೆ 720 ಅಡ್ಡ, 576 ಉದ್ದ, ಸುಮಾರು 4 ಲಕ್ಷ ಚುಕ್ಕಿ. ಫೋರ್‌ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಅಂದರೆ ಧಾರಾವಾಹಿ ನೋಡುವಾಗ 20 ಚುಕ್ಕಿಯಲ್ಲಿ 19ನ್ನು ಟಿವಿಯೇ ಊಹೆ ಮಾಡಿ ತುಂಬುತ್ತಿದೆ! ಎಚ್‌ಡಿ ಚಾನೆಲ್‌ನಲ್ಲಿ ಸುಮಾರು 20 ಲಕ್ಷ, ಅದು ಪರವಾಗಿಲ್ಲ. ಲಕ್ಷದ ಟಿವಿ ತಂದು, ತಿಂಗಳಿಗೆ ಚೂರು ಜಾಸ್ತಿ ಅಂತ ಎಚ್‌ಡಿ ಪ್ಯಾಕ್ ಹಾಕಿಸದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಮೊದಲು ಪ್ಯಾಕ್ ಬದಲಾಯಿಸಿ, ಆಮೇಲೆ ಟಿವಿ. ಓಟಿಟಿಯಲ್ಲಿ ಫೋರ್‌ಕೆ ಸಿಗುತ್ತದೆ ನಿಜ. 2023ರಲ್ಲೇ ಐಪಿಎಲ್ ಫೋರ್‌ಕೆಯಲ್ಲಿ ಸ್ಟ್ರೀಮ್ ಆಯಿತು. ನೆಟ್‌ಫ್ಲಿಕ್ಸ್ ಮಾತ್ರ ಫೋರ್‌ಕೆಯನ್ನು ದುಬಾರಿ ಪ್ರೀಮಿಯಂ ಪ್ಲಾನಿಗೇ ಕೊಡುತ್ತದೆ, 15 ಎಂಬಿಪಿಎಸ್ ಇಂಟರ್ನೆಟ್ ಬೇರೆ ಕೇಳುತ್ತದೆ.

ಫೋರ್‌ಕೆಗಿಂತಲೂ ಜಾಸ್ತಿ ಚುಕ್ಕಿ ಇರುವ ಏಯ್ಟ್‌ಕೆ ಬಗ್ಗೆ ಕೇಳಿದವರಿಗೆ: ಬೇಡ. ಜಪಾನಿನ ಎನ್‌ಎಚ್‌ಕೆ 2018ರಲ್ಲಿ ಏಯ್ಟ್‌ಕೆ ಚಾನೆಲ್ ಶುರು ಮಾಡಿತು. ನಮ್ಮಲ್ಲಿ ಅಂಥ ಒಂದು ಚಾನೆಲ್ಲೂ ಇಲ್ಲ. 2010ರಲ್ಲಿ ಕನ್ನಡಕ ಹಾಕ್ಕೊಂಡು ನೋಡೋ ತ್ರೀಡಿ ಟಿವಿ ಅಂತ ಬಂದಿತ್ತು, ನೆನಪಿದೆಯಾ? 2017ಕ್ಕೆ ಸೋನಿ, ಎಲ್‌ಜಿ ಎರಡೂ ಅದನ್ನು ಕೈಬಿಟ್ಟವು.

ಓಎಲ್‌ಇಡಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಹಬ್ಬಕ್ಕೆ ಬೀಗರು, ಮಕ್ಕಳು ಎಲ್ಲ ಸೇರಿ ಚಾಪೆ ಹಾಕಿ ಗೋಡೆವರೆಗೂ ಕೂತಾಗ, ಪಕ್ಕದಿಂದ ನೋಡುವವರಿಗೆ ಬಹಳಷ್ಟು ಮಿನಿ ಎಲ್‌ಇಡಿಗಳ ಬಣ್ಣ ತೆಳುವಾಗಿ ಕಾಣುತ್ತದೆ. ಓಎಲ್‌ಇಡಿಯಲ್ಲಿ ಆ ತೊಂದರೆ ತುಂಬಾ ಕಡಿಮೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈಟ್ ಆರಿಸಿ ಸಿನಿಮಾ ನೋಡುವ ಒಂಟಿ ಜೀವ ನೀವಾದರೆ ಕೂಡ ಧಾರಾಳವಾಗಿ ತಗೊಳ್ಳಿ, ನನಗೂ ಸ್ವಲ್ಪ ಹೊಟ್ಟೆಕಿಚ್ಚು ಆಗಲಿ. ಉಳಿದವರು 55 ಇಂಚಿನ ಮಿನಿ ಎಲ್‌ಇಡಿ ತಂದು, ಉಳಿದ ದುಡ್ಡಲ್ಲಿ ಒಂದು ಸೌಂಡ್ ಬಾರ್ ಇಟ್ಟುಕೊಳ್ಳಿ. ತೆಳ್ಳಗಿನ ಟಿವಿಗಳಲ್ಲಿ ಮಾತೇ ಸರಿಯಾಗಿ ಕೇಳಿಸುವುದಿಲ್ಲ, ಫ್ಯಾನ್ ಹಾಕಿದರೆ ಮುಗೀತು.

ಅಂಗಡಿಗೆ ಹೋದಾಗ ಅವರು ಹಾಕುವ ಗಿಳಿ, ಜೇನುತುಪ್ಪ, ಹೂವಿನ ವಿಡಿಯೋ ನೋಡಿ ಸುಮ್ನೆ ತಲೆ ಆಡಿಸಬೇಡಿ. ಆ ವಿಡಿಯೋದಲ್ಲಿ ಯಾವ ಟಿವಿಯಾದರೂ ಚೆನ್ನಾಗಿಯೇ ಕಾಣುತ್ತದೆ. ಸೆಟ್ ಟಾಪ್ ಬಾಕ್ಸ್ ಹಚ್ಚಿ ಒಂದು ಕನ್ನಡ ಚಾನೆಲ್ ಹಾಕಿ ಅನ್ನಿ. ಪಿಕ್ಚರ್ ಮೋಡ್ ವಿವಿಡ್‌ನಿಂದ ಸಿನಿಮಾಗೆ ಬದಲಾಯಿಸಲು ಹೇಳಿ. ಆಮೇಲೆ ಪಕ್ಕಕ್ಕೆ ಸರಿದು ನಿಂತು ನೋಡಿ. ಬಾಕ್ಸ್ ಇಲ್ಲ ಸಾರ್ ಅಂದರೆ, ಊರಲ್ಲಿ ಬೇರೆ ಅಂಗಡಿಗಳೂ ಇವೆ.