ರೈಟ್ ಸ್ಟ್ರೀಟಿನ ಆಚೆ ಈಚೆ

ಶಿಕಾಗೋ ನಗರದಿಂದ ದಕ್ಷಿಣಕ್ಕೆ ಎರಡು ಗಂಟೆಗೂ ಮಿಕ್ಕಿ ಕಾರು ಓಡಿಸಿದರೆ, ಮುಸುಕಿನ ಜೋಳ ಮತ್ತು ಸೋಯಾ ಹೊಲಗಳ ಚಪ್ಪಟೆ ಬಯಲಿನ ನಡುವೆ, ಒಂದಕ್ಕೊಂದು ಬೆನ್ನು ಆನಿಸಿಕೊಂಡು ಕುಳಿತ ಎರಡು ಊರುಗಳು ಸಿಗುತ್ತವೆ. ಪಶ್ಚಿಮಕ್ಕಿರುವುದು ಶಾಂಪೇನ್, ಪೂರ್ವಕ್ಕಿರುವುದು ಅರ್ಬಾನಾ. 1867ರಲ್ಲಿ ಹುಟ್ಟಿದ ಇಲಿನಾಯ್ ವಿಶ್ವವಿದ್ಯಾಲಯವು ಈ ಎರಡೂ ಊರುಗಳ ಮೇಲೆ ಒಂದೊಂದು ಕಾಲು ಚಾಚಿ ಮಲಗಿದೆ. ಕ್ಯಾಂಪಸ್ಸಿನ ಬಳಿ ಊರುಗಳ ಗಡಿ ಎಂದರೆ ರೈಟ್ ಸ್ಟ್ರೀಟ್ ಎಂಬ ಒಂದು ಸಾಧಾರಣ ರಸ್ತೆ. ಅದನ್ನು ದಾಟಲು ಬೇಕಾಗುವುದು ಹತ್ತಿಪ್ಪತ್ತು ಹೆಜ್ಜೆ. ವಿದ್ಯಾರ್ಥಿಗಳು ದಿನಕ್ಕೆ ಹತ್ತು ಬಾರಿ ದಾಟುತ್ತಾರೆ, ಊರು ಬದಲಾಯಿತೆಂದು ಅವರಲ್ಲಿ ಯಾರಿಗೂ ಅನಿಸುವುದಿಲ್ಲ. ಆ ಗಡಿ ನಮ್ಮ ಕಣ್ಣಿಗೆ ಬೀಳತೊಡಗಿದ್ದು ಮೂರು ವರ್ಷದ ಮಗಳ ಕೈ ಹಿಡಿದುಕೊಂಡು ಬಾಡಿಗೆ ಮನೆ ಹುಡುಕಲು ಹೊರಟಾಗ.

ಮದುವೆಗೆ ಮುಂಚೆ ನಾನು ಮನೆ ಹುಡುಕಿದ್ದು ನೆನಪಿದೆ. ಬಾಗಿಲು ತೆರೆದು, ನಲ್ಲಿ ತಿರುಗಿಸಿ, ನೀರು ಬಂದದ್ದನ್ನು ಕಂಡು ಸಹಿ ಹಾಕಿದ್ದೆ. ಈ ಸಲ ಒಂದು ದೊಡ್ಡ ಹಾಳೆಯ ನಟ್ಟನಡುವೆ ಗೆರೆ ಎಳೆದು, ಎಡಗಡೆ ಶಾಂಪೇನ್, ಬಲಗಡೆ ಅರ್ಬಾನಾ ಎಂದು ಬರೆದು, ನಾನೂ ನನ್ನ ಹೆಂಡತಿಯೂ ಸಂಜೆ ಸಂಜೆ ಅದರ ಮುಂದೆ ಕುಳಿತೆವು. ಅತ್ತ ದರಿ ಇತ್ತ ಪುಲಿ ಎಂಬ ಸಂಕಟಕ್ಕೆ ನಮ್ಮಲ್ಲಿ ಮಾತುಂಟು. ಅತ್ತಲೂ ಹುಲ್ಲು ಇತ್ತಲೂ ಹುಲ್ಲು ಎಂಬ ಸಂಕಟಕ್ಕೆ ಹಿರಿಯರು ಮಾತು ಕಟ್ಟಿಟ್ಟು ಹೋಗಿಲ್ಲ. ಅಳೆದೂ ಸುರಿದೂ ಹಾಳೆ ತುಂಬಿತು, ಆದರೆ ತಕ್ಕಡಿ ಅಲುಗಲಿಲ್ಲ. ಒಂದು ಊರಿನ ಕಡೆಗೆ ಒಂದು ಗುಣ ಬರೆದ ಕೂಡಲೇ ಅದೇ ಗುಣ ಪಕ್ಕದ ಊರಿನಲ್ಲಿ ಇನ್ನೊಂದು ವೇಷದಲ್ಲಿ ಎದುರಾಗುತ್ತಿತ್ತು. ಶಾಂಪೇನಿಗೊಂದು ಸಾರ್ವಜನಿಕ ಗ್ರಂಥಾಲಯವಿದ್ದರೆ ಅರ್ಬಾನಾಕ್ಕೆ ಇನ್ನೊಂದು. ಅಲ್ಲೊಂದು ಉದ್ಯಾನ ಮಂಡಳಿ, ಇಲ್ಲೊಂದು ಉದ್ಯಾನ ಮಂಡಳಿ. ಬಸ್ಸು ಮಾತ್ರ ಎರಡಕ್ಕೂ ಒಂದೇ.

ಇಷ್ಟು ಹತ್ತಿರದ ಊರುಗಳು ಎರಡೇಕಾದವು ಎಂದು ಕೇಳಿದರೆ ಅದಕ್ಕೆ ರೈಲು ಕಾರಣ. 1833ರಲ್ಲಿ ಹುಟ್ಟಿದ ಅರ್ಬಾನಾ ಆಗಲೇ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಕೇಂದ್ರವಾಗಿತ್ತು. ವಕೀಲರಾಗಿದ್ದ ಕಾಲದಲ್ಲಿ ಲಿಂಕನ್ ಅಲ್ಲಿನ ನ್ಯಾಯಾಲಯಕ್ಕೆ ಬಂದು ವಾದಿಸುತ್ತಿದ್ದರು. 1854ರಲ್ಲಿ ಇಲಿನಾಯ್ ಸೆಂಟ್ರಲ್ ಕಂಪನಿಯವರು ಹಳಿ ಹಾಕುವಾಗ ಊರೊಳಗೆ ಬಾರದೆ ಎರಡು ಮೈಲಿ ಪಶ್ಚಿಮಕ್ಕೆ ಹಾಕಿದರು. ಹಳಿಯ ಸುತ್ತ ಬೆಳೆದ ಪಶ್ಚಿಮ ಅರ್ಬಾನಾ 1860ರಲ್ಲಿ ಶಾಂಪೇನ್ ಎಂಬ ಹೆಸರಿಟ್ಟುಕೊಂಡು ಬೇರೆ ಒಲೆ ಹೂಡಿತು. 2020ರ ಜನಗಣತಿಯ ಹೊತ್ತಿಗೆ ತಮ್ಮನ ಮನೆಯಲ್ಲಿ 88,000ಕ್ಕೂ ಹೆಚ್ಚು ಜನ, ಅಣ್ಣನ ಮನೆಯಲ್ಲಿ 38,000ಕ್ಕೂ ಹೆಚ್ಚು. ಆದರೂ ವಿಶ್ವವಿದ್ಯಾಲಯದ ಹೆಸರಿನ ಕೊನೆಯಲ್ಲಿ ಅರ್ಬಾನಾ ಮೊದಲು, ಶಾಂಪೇನ್ ನಂತರ. ಹಿರಿತನದ ಗೌರವ ಅಷ್ಟಾದರೂ ಉಳಿದುಕೊಂಡಿದೆ. ನೂರೆಪ್ಪತ್ತು ವರ್ಷಗಳ ಹಿಂದೆ ಯಾರೋ ಎಂಜಿನಿಯರು ಹಳಿಯನ್ನು ಎರಡು ಮೈಲಿ ಸರಿಸಿದ್ದರಿಂದ ನಮ್ಮ ಸಂಜೆಗಳು ಹೀಗೆ ಹಾಳಾಗುತ್ತಿವೆಯಲ್ಲ ಎಂದು ನಾನು ಹೇಳಿದಾಗ, ಹೆಂಡತಿ ಹಾಳೆಯಿಂದ ತಲೆಯೆತ್ತದೆ, “ಅವರನ್ನು ಬಿಡಿ, ಶಾಲೆಯ ಸಾಲು ಇನ್ನೂ ಖಾಲಿಯಿದೆ,” ಎಂದಳು.

ಶಾಲೆಯ ಸಾಲಿನಲ್ಲೇ ಗಡಿ ಗೋಡೆಯಾಗುತ್ತದೆ. ಸಾರ್ವಜನಿಕ ಶಾಲೆಗಳನ್ನು ನಡೆಸಲು ಶಾಂಪೇನಿಗೆ ತನ್ನದೇ ಶಾಲಾ ಜಿಲ್ಲೆ, ಅರ್ಬಾನಾಕ್ಕೆ ತನ್ನದೇ ಶಾಲಾ ಜಿಲ್ಲೆ. ಮಗು ಯಾವ ಜಿಲ್ಲೆಯ ಶಾಲೆಗೆ ಹೋಗಬೇಕೆಂಬುದನ್ನು ಮನೆಯ ವಿಳಾಸವೇ ನಿರ್ಧರಿಸುತ್ತದೆ. ಸೆಪ್ಟೆಂಬರ್ 1ಕ್ಕೆ ಐದು ತುಂಬಿದ ಮಗುವಿಗೆ ಇಲ್ಲಿ ಕಿಂಡರ್‌ಗಾರ್ಟನ್ ಪ್ರವೇಶ. ನಮ್ಮವಳಿಗೆ ಇನ್ನೂ ಎರಡು ವರ್ಷವಿತ್ತು, ನಾವು ಮಾಡಿಕೊಳ್ಳಲಿದ್ದ ಕರಾರಿನ ಆಯುಸ್ಸು ಹನ್ನೆರಡು ತಿಂಗಳು. ಕರಾರು ಮುಗಿದು ಒಂದು ವರ್ಷವಾದ ಮೇಲೆ ಬರಲಿರುವ ಶಾಲೆಗಾಗಿ ನಾವು ಎರಡು ವಾರ ಚರ್ಚಿಸಿದೆವು, ಒಮ್ಮೆ ಸಣ್ಣದಾಗಿ ಜಗಳವನ್ನೂ ಆಡಿದೆವು. ಬಾಡಿಗೆಯವರ ಈ ಹುಚ್ಚು ಸ್ವಂತ ಮನೆಯವರಿಗೆ ಅರ್ಥವಾಗಲಾರದು. ಅವರು ಆರಿಸಿ ಸುಮ್ಮನಾದವರು. ನಾವು ಪ್ರತಿ ವರ್ಷವೂ ಆರಿಸಬೇಕಾದವರಾದ್ದರಿಂದ ಪ್ರತಿ ವರ್ಷವೂ ಜೀವಮಾನದ ಆಯ್ಕೆ ಮಾಡುವವರಂತೆ ಆಡುತ್ತೇವೆ.

ಮನೆಗಳನ್ನು ನೋಡಲು ಹೊರಟ ಮೇಲೆ ಹಾಳೆಯ ಊರುಗಳು ಒಂದೊಂದಾಗಿ ಕರಗತೊಡಗಿದವು. ಗ್ರೀನ್ ಸ್ಟ್ರೀಟಿನಲ್ಲಿ ಶಾಂಪೇನಿನ ಕಡೆಗೆ ಎದ್ದು ನಿಂತ ಎತ್ತರದ ಕಟ್ಟಡಗಳಲ್ಲಿ ಬಾಡಿಗೆಯನ್ನು ಕೋಣೆಯ ಲೆಕ್ಕದಲ್ಲಿ, ಅಂದರೆ ತಲೆಯ ಲೆಕ್ಕದಲ್ಲಿ ಹೇಳಿದರು. ನಾಲ್ವರು ವಿದ್ಯಾರ್ಥಿಗಳು ಹಂಚಿಕೊಳ್ಳಲೆಂದು ಕಟ್ಟಿದ ಮನೆಯಲ್ಲಿ ಮೂರು ವರ್ಷದವಳೊಬ್ಬಳು ಯಾವ ಲೆಕ್ಕಕ್ಕೆ ಸೇರುತ್ತಾಳೆಂಬುದು ತೋರಿಸಲು ಬಂದ ಯುವಕನಿಗೂ ತಿಳಿಯಲಿಲ್ಲ. ಮಕ್ಕಳಿದ್ದಾರೆಂಬ ಕಾರಣಕ್ಕೆ ಮನೆ ನಿರಾಕರಿಸುವುದನ್ನು ಈ ದೇಶದ 1988ರ ಕಾನೂನು, ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧಿಸಿದೆ. ಆದ್ದರಿಂದ ಯಾರೂ ಇಲ್ಲವೆನ್ನಲಿಲ್ಲ. ಒಬ್ಬ ಮಾಲೀಕರು ಮಾತ್ರ, “ಶುಕ್ರವಾರ ರಾತ್ರಿ ಮೇಲಿನವರು ಸ್ವಲ್ಪ ಹಾಡು ಹಾಕುತ್ತಾರೆ,” ಎಂದು ಬಹಳ ಮೃದುವಾಗಿ ತಿಳಿಸಿದರು. ಆ ‘ಸ್ವಲ್ಪ’ ಎಂಬ ಪದದ ಗಾತ್ರವನ್ನು ಅಳೆಯುವ ಉಪಕರಣ ನಮ್ಮ ಬಳಿ ಇರಲಿಲ್ಲ.

ಅರ್ಬಾನಾದ ಹಳೆಯ ಬೀದಿಗಳು ಬೇರೆಯೇ ಬಗೆ. ಕೆಲವು ಕಡೆ ಇಂದಿಗೂ ಇಟ್ಟಿಗೆ ಹಾಸಿದ ರಸ್ತೆ, ಮೇಲೆ ಕಮಾನಿನಂತೆ ಬಾಗಿದ ಮರಗಳು, ಮುಂಬಾಗಿಲಿಗೆ ಮರದ ಜಗಲಿ. ನೋಡಿದ ಕೂಡಲೇ ನಾನು ಸೋತೆ. ಆದರೆ ಅಂಥ ಮನೆಯ ಕರಾರಿನ ಜೊತೆ ಒಂದು ಪುಸ್ತಿಕೆಯನ್ನೂ ಕೈಗಿಡುತ್ತಾರೆ. ಮನೆಗಳ ಬಣ್ಣದಲ್ಲಿ ಸೀಸ ಬೆರೆಸುವುದನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯನ್ನು ಬಾಡಿಗೆಗೆ ಕೊಡುವವರು ಅಲ್ಲಿ ಸೀಸದ ಬಣ್ಣವಿರುವುದು ತಮಗೆ ತಿಳಿದಿದ್ದರೆ ಹೇಳಲೇಬೇಕು, ಪುಸ್ತಿಕೆ ಕೊಡಲೇಬೇಕು. ದೊಡ್ಡವರು ಗೋಡೆಯನ್ನು ನೋಡುತ್ತಾರೆ. ಚಿಕ್ಕ ಮಕ್ಕಳು ಕಿಟಕಿಯ ಅಂಚಿನಲ್ಲಿ ಎದ್ದ ಬಣ್ಣದ ಹಕ್ಕಳೆಯನ್ನು ಉಗುರಿನಿಂದ ಕಿತ್ತು ಬಾಯಿಗೆ ಹಾಕುತ್ತಾರೆ. ಮೇಲೆತ್ತಿ ಇಳಿಸುವ ಹಳೆಯ ಕಿಟಕಿಗಳಲ್ಲಿ ಚೌಕಟ್ಟು ಉಜ್ಜಿ ಉಜ್ಜಿ ಬಣ್ಣ ಧೂಳಾಗಿ ಉದುರುತ್ತದಂತೆ. ಅದನ್ನು ಓದಿದ ಮೇಲೆ ನಾನು ಹೋದ ಮನೆಗಳಲ್ಲೆಲ್ಲ ಮಂಡಿಯೂರಿ, ಕಿಟಕಿಯ ಸಂದಿಯಲ್ಲಿ ಬೆರಳಾಡಿಸಿ ಬೆಳಕಿಗೆ ಹಿಡಿದು ನೋಡತೊಡಗಿದೆ. ಮಾಲೀಕರು ನನ್ನನ್ನು ಪತ್ತೇದಾರನೆಂದುಕೊಂಡರೋ ಹುಚ್ಚನೆಂದುಕೊಂಡರೋ, ಇಬ್ಬರಲ್ಲಿ ಯಾರಾದರೂ ಬಾಡಿಗೆ ಕೊಟ್ಟರೆ ಸಾಕೆಂಬ ಭಾವ ಅವರ ಮುಖದಲ್ಲಿತ್ತು.

ಮಹಡಿಯ ಪ್ರಶ್ನೆಯೂ ಹೀಗೆಯೇ. ನೆಲಮಹಡಿ ಹಿಡಿದರೆ ತಲೆಯ ಮೇಲೆ ವಿದ್ಯಾರ್ಥಿಗಳ ಕುಣಿತ. ಮೇಲಿನದನ್ನು ಹಿಡಿದರೆ ಬೆಳಗಿನ ಜಾವ ಐದೂವರೆಗೆ ಓಡಾಡುವ ನಮ್ಮವಳೇ ವಿದ್ಯಾರ್ಥಿಗಳಿಗೆ ಶಾಪ. ಸುಂಟರಗಾಳಿಯ ಸೀಮೆಯಾದ್ದರಿಂದ ನೆಲಮಾಳಿಗೆ ಇರುವ ಕಟ್ಟಡವಾದರೆ ಒಳ್ಳೆಯದು ಎಂಬುದೂ ಸೇರಿಕೊಂಡಿತು. ಎಚ್ಚರಿಕೆಯ ಸೈರನ್ನುಗಳನ್ನು ಇಲ್ಲಿ ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಪರೀಕ್ಷಿಸುತ್ತಾರೆ. ಆಗ ತಾನೇ ಕಣ್ಣು ಮುಚ್ಚಿದ ಮಕ್ಕಳು ಗಡಿಯ ಎರಡೂ ಕಡೆ ಒಂದೇ ಕ್ಷಣದಲ್ಲಿ ಎದ್ದು ಕೂರುತ್ತಾರೆ. ಹಾಳೆಯ ಎರಡೂ ಅಂಕಣಗಳಲ್ಲಿ ನಾವು ಭಿನ್ನಾಭಿಪ್ರಾಯವಿಲ್ಲದೆ ಬರೆದದ್ದು ಇದೊಂದನ್ನೇ.

ಕೊನೆಗೆ ಊರನ್ನು ಆರಿಸಿದ್ದು ಆಗಸ್ಟ್ ತಿಂಗಳು. ಕಾಲೇಜು ಊರುಗಳಲ್ಲಿ ಬಹುಪಾಲು ಕರಾರುಗಳು ಆಗಸ್ಟಿನ ನಡುವೆ ಶುರುವಾಗಿ ಮರುವರ್ಷ ಅದೇ ತಿಂಗಳು ಮುಗಿಯುತ್ತವೆ. ಹಳಬರು ಬಿಡುವುದಕ್ಕೂ ಹೊಸಬರು ಹೊಗುವುದಕ್ಕೂ ನಡುವಿನ ನಾಲ್ಕಾರು ದಿನ, ಸುಣ್ಣಬಣ್ಣಕ್ಕೆಂದು, ಬೀದಿಯ ಬದಿಯಲ್ಲಿ ಸೋಫಾಗಳೂ ಹಾಸಿಗೆಗಳೂ ಮನೆಯೊಳಗಿನ ನಿಲುದೀಪಗಳೂ ಒಡೆಯರಿಲ್ಲದೆ ಕುಳಿತಿರುತ್ತವೆ. ಊರಿಗೆ ಊರೇ ಹೀಗೆ ಒಟ್ಟಿಗೆ ಎದ್ದು ಕುರ್ಚಿಯಾಟ ಆಡುವಾಗ, ಸಂಜೆ ಸಂಜೆ ಚರ್ಚಿಸುತ್ತ ಕುಳಿತವರಿಗೆ ಉಳಿಯುವುದು ಯಾವುದೋ ಒಂದು ಕುರ್ಚಿ. ಜುಲೈ ಕಳೆಯುವ ಹೊತ್ತಿಗೆ ನಮ್ಮ ಅಳತೆಗೆ ಸರಿಹೊಂದುವ ಒಂದೇ ಮನೆ ಉಳಿದಿತ್ತು: ನೆಲಮಹಡಿ, ಹೊಸ ಕಿಟಕಿ, ಮೇಲೆ ತಮ್ಮ ಪ್ರಬಂಧ ಮುಗಿಸುವ ಆತುರದಲ್ಲಿದ್ದ ಇಬ್ಬರು ಸಂಶೋಧಕರು, ಕೆಳಗೆ ಬಟ್ಟೆ ಒಗೆಯುವ ಯಂತ್ರವಿದ್ದ ನೆಲಮಾಳಿಗೆ. ಅದು ಅರ್ಬಾನಾದಲ್ಲಿತ್ತು. ಸಹಿ ಹಾಕಿ ಹೊರಬಂದ ಮೇಲೆ ನಾವಿಬ್ಬರೂ ಅರ್ಬಾನಾವೇ ಸರಿಯೆಂದು ಮೊದಲಿನಿಂದಲೂ ಅನಿಸಿತ್ತೆಂದು ಪರಸ್ಪರ ಹೇಳಿಕೊಂಡೆವು.

ಮಗಳಿಗೆ ಡೇಕೇರಿನಲ್ಲಿ ಜಾಗ ಸಿಕ್ಕಿದ್ದು ಮಾತ್ರ ಶಾಂಪೇನಿನಲ್ಲಿ. ಹಾಗಾಗಿ ಬೆಳಿಗ್ಗೆಯೂ ಸಂಜೆಯೂ ಅವಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ರೈಟ್ ಸ್ಟ್ರೀಟನ್ನು ದಾಟುತ್ತೇನೆ. ಗ್ರೀನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ 1929ರ ಕಂಚಿನ ಆಲ್ಮಾ ಮೇಟರ್, ಅಂದರೆ ವಿದ್ಯಾಮಾತೆಯ, ಪ್ರತಿಮೆ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನಿಂತಿದೆ. ಅದು ವಿದ್ಯಾರ್ಥಿಗಳನ್ನು ಕರೆಯುವ ಭಂಗಿಯಂತೆ. ಎತ್ತ ಹೋದರೂ ಅಷ್ಟೇ ಎಂದು ಕೈ ಚೆಲ್ಲಿದಂತೆ ನನಗೆ ಕಾಣುತ್ತದೆ.

ಪೆಟ್ಟಿಗೆಗಳಲ್ಲಿ ಕೊನೆಯ ಎರಡನ್ನು ಇನ್ನೂ ಬಿಚ್ಚಿರಲಿಲ್ಲ. ಅಕ್ಟೋಬರ್ ತಿಂಗಳ ಒಂದು ಸಂಜೆ ಬಾಗಿಲ ಸಂದಿಯಲ್ಲಿ ಮಾಲೀಕರ ಪತ್ರ ಸಿಕ್ಕಿಸಿತ್ತು. ಮುಂದಿನ ಆಗಸ್ಟಿನಿಂದ ಮನೆಯನ್ನು ನಾವೇ ಮುಂದುವರಿಸುತ್ತೇವೆಯೋ ಇಲ್ಲವೋ ಎಂಬುದನ್ನು ತಿಂಗಳೊಳಗೆ ತಿಳಿಸಬೇಕು, ತಪ್ಪಿದರೆ ವಿದ್ಯಾರ್ಥಿಗಳಿಗೆ ತೋರಿಸಲು ಆರಂಭಿಸುತ್ತೇವೆ ಎಂದು ಅದರಲ್ಲಿತ್ತು. ಹೆಂಡತಿ ಪತ್ರವನ್ನು ಎರಡು ಸಲ ಓದಿ, ಎದ್ದು ಹೋಗಿ, ಬಿಚ್ಚದ ಪೆಟ್ಟಿಗೆಗಳಲ್ಲಿ ಒಂದನ್ನು ಬಿಚ್ಚಿ, ನಡುವೆ ಗೆರೆಯೆಳೆದ ಆ ದೊಡ್ಡ ಹಾಳೆಯನ್ನು ತಂದು ಮೇಜಿನ ಮೇಲೆ ಹರಡಿದಳು.