99 ಯೆನ್, ಜೊತೆಗೊಂದು ಸಾರಿ

ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದೆ. ಪಕ್ಕದವರು ಮೊಬೈಲ್ ನೋಡುತ್ತಾ, "ಈ ಕೊರಿಯಾದವರಿಗೆ ಬೇರೆ ಕೆಲಸ ಇಲ್ವಾ? ಜಪಾನ್ ದುಡ್ಡೂ ಕೊಟ್ಟಿದೆ, ಸಾರಿನೂ ಕೇಳಿದೆ. ಇನ್ನೆಷ್ಟು ದಿನ ಅಳ್ತಾರೆ?" ಅಂದರು. ತುತ್ತು ಗಂಟಲಲ್ಲೇ ನಿಂತಿತು.

ನನಗೆ ಅನ್ನ ಹಾಕುತ್ತಿರುವುದು ಜಪಾನೀಸ್ ಭಾಷೆ, ನಿಮಗೆಲ್ಲ ಗೊತ್ತೇ ಇದೆ. ಅನುವಾದ ಮಾಡಿಯೇ ಇಎಂಐ ಕಟ್ಟುತ್ತಿರುವವನು. ಹಾಗಾಗಿ ಜಪಾನ್ ದ್ವೇಷಿ ಅಂತ ಕಾಮೆಂಟ್ ಹಾಕೋಕೆ ಬರಬೇಡಿ.

ಆ ದುಡ್ಡಿನ ಕಥೆ ಕೇಳಿ. ಎರಡನೇ ಮಹಾಯುದ್ಧ ಮುಗಿಯೋವರೆಗೂ ಕೊರಿಯಾ ಜಪಾನ್ ಆಳ್ವಿಕೆಯಲ್ಲಿತ್ತು. 1944ರಲ್ಲಿ ಹದಿಮೂರು ಹದಿನಾಲ್ಕು ವರ್ಷದ ಕೊರಿಯನ್ ಹುಡುಗಿಯರನ್ನು ಓದಿಸ್ತೀವಿ ಅಂತ ನಂಬಿಸಿ ನಗೋಯಾದ ಮಿತ್ಸುಬಿಷಿ ವಿಮಾನ ಕಾರ್ಖಾನೆಗೆ ಕರೆದೊಯ್ದರು. ಶಾಲೆಯೂ ಇಲ್ಲ, ಸಂಬಳವೂ ಇಲ್ಲ. ಮುದುಕಿಯರಾದ ಮೇಲೆ ಅವರು ಆ ಕಾಲದ ಪಿಂಚಣಿ ಹಣ ಕೇಳಿದರು, ನಮ್ಮ ಪಿಎಫ್ ಥರದ್ದು. 2009ರಲ್ಲಿ ಜಪಾನ್ ಕೊಟ್ಟಿತು. ತಲಾ 99 ಯೆನ್. ಆಗಿನ ಲೆಕ್ಕಕ್ಕೆ ಸುಮಾರು ಐವತ್ತು ರೂಪಾಯಿ! ಅರವತ್ತು ವರ್ಷದ ಬೆಲೆಯೇರಿಕೆ ಯಾರ ಕಣ್ಣಿಗೂ ಬೀಳಲಿಲ್ಲ. ಕಡತ ಮಾತ್ರ ಪಕ್ಕಾ, ಒಂದು ಯೆನ್ ಆಚೀಚೆ ಇಲ್ಲ.

ಜಪಾನ್ ಮತ್ತು ದಕ್ಷಿಣ ಕೊರಿಯಾ ನಡುವೆ 1965ರ ಒಪ್ಪಂದ ಇದೆಯಲ್ಲ ಅಂತೀರಿ. ಇದೆ. ಜಪಾನ್‌ನಿಂದ 30 ಕೋಟಿ ಡಾಲರ್ ಅನುದಾನ, 20 ಕೋಟಿ ಸಾಲ, ಎಲ್ಲವೂ "ಸಂಪೂರ್ಣವಾಗಿ, ಅಂತಿಮವಾಗಿ" ಬಗೆಹರಿಯಿತು ಅನ್ನೋ ಒಕ್ಕಣೆ. ಆಗಿನ ಕೊರಿಯಾ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಸರ್ಕಾರ ಅದರಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಿತು, ನೊಂದವರಿಗೆ ಸೇರಿದ್ದು ಚೂರುಪಾರು. ಹೌದು ಸ್ವಾಮಿ, ಅದು ಕೊರಿಯಾ ಸರ್ಕಾರದ ತಪ್ಪೇ. ಅಣ್ಣ ದುಡ್ಡು ನುಂಗಿದ ಅಂತ ತಂಗಿಗೆ ಹೊಡೆದವನು ಒಳ್ಳೆಯವನಾಗ್ತಾನಾ?

2015ರಲ್ಲಿ ಮತ್ತೆ ಅದೇ ಪದ. ಯುದ್ಧಕಾಲದಲ್ಲಿ ಜಪಾನ್ ಸೈನಿಕರ ಲೈಂಗಿಕ ಗುಲಾಮರಾಗಿದ್ದ ಕೊರಿಯನ್ ಹೆಂಗಸರ ವಿಷಯಕ್ಕೆ 100 ಕೋಟಿ ಯೆನ್, ಕ್ಷಮೆ, ಮತ್ತೆ "ಅಂತಿಮ". ಆ ಅಜ್ಜಿಯರನ್ನು ಸರಿಯಾಗಿ ಕೇಳಲೇ ಇಲ್ಲ. ಜೊತೆಗೆ ಕೊರಿಯಾ ರಾಜಧಾನಿ ಸೋಲ್‌ನ ಜಪಾನ್ ರಾಯಭಾರ ಕಚೇರಿ ಎದುರು, ಅವರ ನೆನಪಿಗಾಗಿ ಬರಿಗಾಲಲ್ಲಿ ಕೂತಿರೋ ಹುಡುಗಿಯ ಪ್ರತಿಮೆ ತೆಗೆಸಿ ಅನ್ನೋ ಒತ್ತಾಯ ಬೇರೆ. ಪಾಪ, ಕಂಚಿನ ಹುಡುಗಿ. ಸುಮ್ನೆ ಕೂತಿದ್ದಾಳೆ, ಅದೂ ಚುಚ್ಚುತ್ತೆ!

ಚೆನ್ನಾಗಿ ಕ್ಷಮೆ ಕೇಳಿದ್ದೂ ಉಂಟು. 1995ರಲ್ಲಿ ಜಪಾನ್ ಪ್ರಧಾನಿ ಮುರಾಯಾಮ ಬಿಡಿಸಿ ಹೇಳಿದ್ದರು. ಆಮೇಲೂ ಅಲ್ಲಿನ ಮಂತ್ರಿಗಳು, ಯುದ್ಧದಲ್ಲಿ ಸತ್ತವರ ಜೊತೆ ಯುದ್ಧಾಪರಾಧಿಗಳನ್ನೂ ಪೂಜಿಸುವ ಟೋಕಿಯೋದ ಯಾಸುಕುನಿ ಗುಡಿಗೆ ಹೋಗಿ ಕೈ ಮುಗಿದರು. ಆ ಸಾರಿಗೆ ಏನು ಬೆಲೆ ಉಳಿಯಿತು?

ಒಂದು ಮಾತು ಒಪ್ಪಿಕೊಳ್ತೇನೆ. ಮನೆಯಲ್ಲಿ ನಾನೂ ಹೀಗೇ. "ಸಾರಿ ಅಂದೆನಲ್ಲ, ಇನ್ನೇನ್ ಮಾಡ್ಲಿ?" ಅಂತ ಕೂಗುತ್ತೇನೆ. ಅದು ಕ್ಷಮೆ ಕೇಳೋದಲ್ಲ, ಬಾಯಿ ಮುಚ್ಚಿಸೋದು ಅಂತ ಹೆಂಡತಿ ಹತ್ತು ಸಲ ಹೇಳಿದ್ದಾಳೆ.

ಪಕ್ಕದವರಿಗೆ ಇಷ್ಟೂ ಹೇಳಿದೆ. "ನೀವು ಜಾಸ್ತಿ ಸೀರಿಯಸ್ ಆಗ್ತೀರಿ ಸಾರ್" ಅಂದು ಮೊಸರನ್ನ ಕಲಸಿಕೊಂಡರು. ನಾಳೆಯಿಂದ ನನ್ನ ಡಬ್ಬಿ ಬೇರೆ ಟೇಬಲ್‌ನಲ್ಲಿ.